ಬೇಸಿಗೇಲಿ ರೀಫ್ ಟ್ಯಾಂಕ್: ಚಿಲ್ಲರ್ ತಗೊಳ್ಳಲೇಬೇಕಾ, ಫ್ಯಾನ್ ಸಾಕಾಗುತ್ತಾ? (ಬೆಂಗಳೂರು)

ರಾಜಾಜಿನಗರ_ರೀಫ್

ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ರೀಫ್ (ಉಪ್ಪುನೀರಲ್ಲಿ ಜೀವಂತ ಹವಳ ಸಾಕೋ ಅಕ್ವೇರಿಯಂ) ಇಟ್ಟಿರೋರು ಬೇಸಿಗೇನ ಹೆಂಗೆ ದಾಟಿಸ್ತೀರ ಅಂತ ತಿಳ್ಕೊಬೇಕಿತ್ತು. ನಮ್ದು ಮೂರಡಿ ಟ್ಯಾಂಕು, ಕೆಳಗಿನ ಸಂಪ್ (ಫಿಲ್ಟರ್, ಪಂಪ್ ಇಡೋ ಎರಡನೇ ಟ್ಯಾಂಕ್) ಸೇರಿ ಹತ್ರತ್ರ 200 ಲೀಟರ್. ಮನೆ ಟಾಪ್ ಫ್ಲೋರು, ಮೇಲೆ ಬರೀ ತಾರಸಿ, ಟ್ಯಾಂಕ್ ಇರೋ ಹಾಲ್‌ಗೆ ಪಶ್ಚಿಮದ ಗೋಡೆ. ಬೆಳಗ್ಗೆ 26 ಡಿಗ್ರಿ ಇರುತ್ತೆ, ಸಂಜೆ ಆರರ ಹೊತ್ತಿಗೆ 29.5 ತೋರಿಸ್ತಿದೆ, ಇನ್ನೂ ಏಪ್ರಿಲ್ ಬಂದಿಲ್ಲ. ಟಾರ್ಚು, ಹ್ಯಾಮರ್ ಹವಳ ಎರಡೂ ಅರ್ಧಂಬರ್ಧ ಬಿಚ್ಕೊಳ್ತಿವೆ, ಒಂದು ಮಾಂಟಿಪೊರಾ ಹವಳ ಅಂಚಲ್ಲಿ ಬಣ್ಣ ಬಿಡ್ತಿದೆ, ಕ್ಲೌನ್ ಮೀನಿನ ಜೋಡಿ ಆರಾಮಾಗಿವೆ. ಅಂಗಡಿಯವ್ರು ನೀರನ್ನ ತಣ್ಣಗೆ ಮಾಡೋ ಚಿಲ್ಲರ್ ಇಲ್ದೆ ಆಗೋದೇ ಇಲ್ಲ ಅಂತಾರೆ, ಆದ್ರೆ ಚಿಲ್ಲರ್ ರೇಟ್ ಕೇಳಿ ಮನೇಲಿ ಎಲ್ರೂ ಬೇಡ ಅಂತಿದಾರೆ. ನಿಜವಾಗ್ಲೂ ಬೇಕಾ? ಈ ಹವಳಗಳನ್ನ ಕಳ್ಕೊಳ್ಳಕ್ಕೆ ನಂಗೆ ಮನಸ್ಸಿಲ್ಲ.

ಜಯನಗರ_ಉಪ್ಪುನೀರು

ಸರ್, ಚಿಲ್ಲರ್‌ಗೆ ದುಡ್ಡು ಹಾಕೋಕ್ ಮುಂಚೆ ಒಂದು ವಾರ ಫ್ಯಾನ್ ಹಾಕಿ ನೋಡಿ. ಬೆಂಗಳೂರಿನ ಗಾಳಿನೇ ನಮ್ಮ ಚಿಲ್ಲರ್ ಅಂತ ನಾನು ಎಲ್ರಿಗೂ ಹೇಳ್ತಾ ಬಂದಿದೀನಿ, ಯಾಕೆ ಅಂದ್ರೆ ಮಾರ್ಚ್ ಏಪ್ರಿಲ್ ಮಧ್ಯಾಹ್ನ ಇಲ್ಲಿ ಗಾಳೀಲಿ ತೇವಾಂಶ 20-30 ಪರ್ಸೆಂಟ್‌ಗೆ ಇಳಿಯುತ್ತೆ, ಅಷ್ಟು ಒಣ ಗಾಳಿ ನೀರಿನ ಮೇಲೆ ಬೀಸಿದ್ರೆ ನೀರು ಜೋರಾಗಿ ಆವಿ ಆಗುತ್ತೆ, ಆವಿ ಆಗ್ತಾ ಶಾಖ ಎಳ್ಕೊಂಡು ಹೋಗುತ್ತೆ, ಮಣ್ಣಿನ ಮಡಕೇಲಿ ನೀರು ತಣ್ಣಗಾಗೋದೂ ಇದೇ ಲೆಕ್ಕ. ಒಂದು ಲೀಟರ್ ನೀರು ಆವಿ ಆಗೋಕೆ ಬೇಕಾಗೋ ಶಾಖ ಸುಮಾರು 2,400 ಕಿಲೋಜೂಲ್. ನಿಮ್ಮ 200 ಲೀಟರ್ ಉಪ್ಪುನೀರು ಒಂದು ಡಿಗ್ರಿ ಇಳಿಯೋಕೆ 800ರಷ್ಟು ಸಾಕು. ಅಂದ್ರೆ ಒಂದು ಲೀಟರ್ ಆವಿ ಆದ್ರೆ ಲೆಕ್ಕದ ಪ್ರಕಾರ ಮೂರು ಡಿಗ್ರಿಯಷ್ಟು ಶಾಖ ಹೊರಗೆ ಹೋಯ್ತು. ಅಷ್ಟರೊಳಗೆ ರೂಮಿಂದ ಲೈಟಿಂದ ಪಂಪಿಂದ ಶಾಖ ವಾಪಸ್ ಬರ್ತಾನೇ ಇರುತ್ತೆ ಅದಕ್ಕೇ ಕಣ್ಣಿಗೆ ಅಷ್ಟು ಕಾಣಲ್ಲ, ಆದ್ರೂ ಎರಡು ಡಿಗ್ರಿ ಇಳಿಯೋದು ಇಲ್ಲಿ ಕಷ್ಟ ಅಲ್ಲ.

ಎರಡು 12 ವೋಲ್ಟ್ ಕಂಪ್ಯೂಟರ್ ಫ್ಯಾನ್ ತಗೊಳ್ಳಿ, ನೀರಿನ ಮೇಲ್ಮೈಗೆ ಓರೆಯಾಗಿ ಬೀಸೋ ಹಾಗೆ ಕಟ್ಟಿ, ಒಂದು ಡಿಸ್‌ಪ್ಲೇ ಮೇಲೆ ಒಂದು ಸಂಪ್ ಮೇಲೆ. ಗಾಜಿನ ಮುಚ್ಚಳ ಇದ್ರೆ ಇವತ್ತೇ ತೆಗೀರಿ, ಮೀನು ಹಾರದಿರೋ ಹಾಗೆ ಮೆಶ್ ಹಾಕಿ, ಫೈರ್‌ಫಿಶ್ಶು ರ‍್ಯಾಸ್ಸು ಇದ್ರಂತೂ ಮೆಶ್ ಬೇಕೇ ಬೇಕು. ಸಂಪ್ ಇರೋ ಕ್ಯಾಬಿನೆಟ್ ಬಾಗಿಲು ತೆಗೆದಿಡಿ, ಒಳಗೆ ತೇವದ ಗಾಳಿ ಸುತ್ತುತಾ ಇದ್ರೆ ಫ್ಯಾನ್ ಇದ್ದೂ ಪ್ರಯೋಜನ ಇಲ್ಲ.

ಕುಡ್ಲ_ಕ್ಲೌನ್

ನೀವು ಬೆಂಗಳೂರಿನವ್ರು ಪುಣ್ಯವಂತರು ಮಾರಾಯ್ರೇ. ಮಂಗಳೂರಲ್ಲಿ ಫ್ಯಾನ್ ಹಾಕಿದ್ರೆ ಎಂತದೂ ಇಳಿಯುವುದಿಲ್ಲ, ಮಧ್ಯಾಹ್ನ 33 ಡಿಗ್ರಿ ಸೆಕೆಗೆ ತೇವಾಂಶ 70 ಉಂಟು. ಆ ಗಾಳೀಲಿ ಎಷ್ಟು ಫ್ಯಾನ್ ಇಟ್ಟರೂ ನೀರು 28 ಡಿಗ್ರಿಗಿಂತ ಕೆಳಗೆ ಹೋಗ್ಲಿಕ್ಕೆ ಸಾಧ್ಯವೇ ಇಲ್ಲ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಷ್ಟು ತೋರಿಸ್ತದೋ ಅದೇ ಕೊನೆ. ನಿಮ್ಮಲ್ಲಿ 36 ಡಿಗ್ರಿ ಬಿಸಿಲಿಗೆ ತೇವಾಂಶ 25 ಇದ್ರೆ ಅದೇ ಥರ್ಮಾಮೀಟರ್ 21ರ ಹತ್ತಿರ ತೋರಿಸ್ತದೆ. ಅಷ್ಟು ಜಾಗ ಉಂಟು ನಿಮಗೆ ಇಳಿಸ್ಲಿಕ್ಕೆ. ಹಾಗಾಗಿ ಕರಾವಳಿಯವ್ರು ಯಾರಾದ್ರೂ ಇದನ್ನು ಓದ್ತಿದ್ರೆ ಬೆಂಗಳೂರಿನ ಉಪಾಯ ನಂಬಿ ಕೂರಬೇಡಿ, ನಮಗೆ ಚಿಲ್ಲರ್ ಇಲ್ಲ ಅಂದ್ರೆ ಏಸಿ ರೂಮು, ಬೇರೆ ದಾರಿ ಇಲ್ಲ.

ವೈಟ್‌ಫೀಲ್ಡ್_ಮಿಕ್ಸೆಡ್‌ರೀಫ್

ಉಪ್ಪುನೀರು ಸರ್ ಹೇಳಿದ್ದನ್ನ ಅರ್ಧ ಒಪ್ತೀನಿ. ಮಾರ್ಚ್ ಏಪ್ರಿಲ್‌ಗೆ ಫ್ಯಾನ್ ಸರಿ. ಏಪ್ರಿಲ್ ಕೊನೆಗೆ, ಮೇನಲ್ಲಿ ಸಂಜೆ ಮಳೆ ಶುರು ಆಗುತ್ತಲ್ಲ, ಆಗ ತೇವಾಂಶ ಒಂದೇ ಸಲ ಏರುತ್ತೆ, ಗೋಡೆ ತಾರಸಿ ಎಲ್ಲ ಇನ್ನೂ ಬಿಸಿ ಇರುತ್ತೆ, ಫ್ಯಾನ್ ತಿರುಗ್ತಾನೇ ಇರುತ್ತೆ ನೀರಿನ ಬಿಸಿ ಇಳಿಯಲ್ಲ. ಅದೇ ಹೊತ್ತಿಗೆ ಕರೆಂಟ್ ಬೇರೆ ಹೋಗುತ್ತೆ. ನಮ್ಮದು 400 ಲೀಟರ್, ಅಕ್ರೋಪೊರಾ ಹವಳಾನೇ ಜಾಸ್ತಿ, ಅದಕ್ಕೆ ನಾನು ಎರಡೂ ಇಟ್ಟಿದೀನಿ, ಫ್ಯಾನ್ 26.5ಕ್ಕೆ ಆನ್ ಆಗೋ ಹಾಗೆ, ಚಿಲ್ಲರ್ 27.5ಕ್ಕೆ. ಚಿಲ್ಲರ್ ವರ್ಷದಲ್ಲಿ ಬಹುಪಾಲು ಸುಮ್ನೆ ಕೂತಿರುತ್ತೆ, ಫ್ಯಾನ್ ಕೈಲಿ ಆಗದ ದಿನ ಮಾತ್ರ ಎದ್ದೇಳುತ್ತೆ, ಕರೆಂಟ್ ಬಿಲ್ಲೂ ಅಷ್ಟೇನು ಬರಲ್ಲ.

ಚಿಲ್ಲರ್ ತಗೊಳ್ಳೋರು ಒಂದು ವಿಷಯ ತಿಳ್ಕೊಳ್ಳಿ. ಅದು ನೀರಿಂದ ತೆಗೆದ ಶಾಖನ ಎಲ್ಲೂ ಮಾಯ ಮಾಡಲ್ಲ, ತನ್ನ ಕಂಪ್ರೆಸರ್ ಶಾಖಾನೂ ಸೇರಿಸಿ ರೂಮಿಗೇ ಬಿಡುತ್ತೆ. ಅದನ್ನ ಸಂಪ್ ಪಕ್ಕ ಕ್ಯಾಬಿನೆಟ್ ಒಳಗೆ ತುರುಕಿದ್ರೆ ತಾನು ಬಿಟ್ಟ ಬಿಸಿ ಗಾಳೀನೇ ತಾನು ಎಳ್ಕೊಂಡು ದಿನವಿಡೀ ಓಡ್ತಾ ಇರುತ್ತೆ. ಯುಟಿಲಿಟೀಲೋ ಬಾಲ್ಕನಿ ನೆರಳಲ್ಲೋ ಇಟ್ಟು ಪೈಪ್ ಎಳೀರಿ, ಪೈಪ್‌ಗೆ ಏಸಿಯವ್ರು ಹಾಕೋ ಕಪ್ಪು ಫೋಮ್ ಸುತ್ತಿ, ಹಿಂದಿನ ಜಾಲರಿ ಧೂಳನ್ನ ಬ್ರಷ್‌ನಲ್ಲಿ ತೆಗೀತಾ ಇರಿ, ನಮ್ಮ ಕಡೆ ಕನ್‌ಸ್ಟ್ರಕ್ಷನ್ ಧೂಳು ಎಷ್ಟಿದೆ ಗೊತ್ತಲ್ಲ.

ರಾಜಾಜಿನಗರ_ರೀಫ್

ಎಲ್ರಿಗೂ ಥ್ಯಾಂಕ್ಸ್, ಫ್ಯಾನ್ ತರ್ತೀನಿ. ಎಷ್ಟಕ್ಕೆ ಇಳಿಸಬೇಕು ಅನ್ನೋದೇ ಗೊಂದಲ, ಒಬ್ರು 25 ಅಂತಾರೆ, ಇನ್ನೊಬ್ರು 28 ಆದ್ರೂ ಪರವಾಗಿಲ್ಲ ಅಂತಾರೆ.

ಮಲ್ಲೇಶ್ವರಂ_ಝೋವಾ

ನಾನು ಹೇಳ್ತೀನಿ ಕೇಳಿ. 24ರಿಂದ 27ರ ಒಳಗೆ ಎಲ್ಲಾದ್ರೂ ಸರಿ, ಆದ್ರೆ ದಿನಾ ಮೂರೂವರೆ ಡಿಗ್ರಿ ಏರಿ ಇಳಿಯೋದು ಸರಿ ಅಲ್ಲ. ನಿಮ್ಮ ಟ್ಯಾಂಕಲ್ಲಿ ಕೆಡುಕು ಮಾಡ್ತಿರೋದು ಅದೇ ಅನ್ಸುತ್ತೆ. ಬೇಸಿಗೇಲಿ ಹಠ ಹಿಡಿದು 25ಕ್ಕೆ ಇಳಿಸೋ ಬದಲು 26.5-27ರಲ್ಲಿ ಅಲ್ಲಾಡದ ಹಾಗೆ ಹಿಡಿದುಕೊಳ್ಳಿ, ಒಂದು ಡಿಗ್ರಿ ಆಚೆ ಈಚೆ ಆಗ್ಲಿ ಸಾಕು. 29ರ ಮೇಲೆ ದಿನಗಟ್ಟಲೆ ನಿಂತ್ರೆ ಹವಳದ ಒಳಗೆ ಇರೋ ಪಾಚಿ, ಝೂಝಾಂಥೆಲ್ಲೆ ಅಂತೀವಲ್ಲ, ಅದು ಬಿಸಿಲು ಬಿಸಿ ಎರಡೂ ಸೇರಿ ವಿಷ ಮಾಡೋಕೆ ಶುರು ಮಾಡುತ್ತೆ, ಹವಳ ಅದನ್ನ ಹೊರಗೆ ಹಾಕುತ್ತೆ, ಆಗಲೇ ಬಿಳಿಚಿಕೊಳ್ಳೋದು.

ಸಮುದ್ರದಲ್ಲೂ ಇದೇ ಲೆಕ್ಕ, ಅಲ್ಲಿಯ ಬೇಸಿಗೆಯ ವಾಡಿಕೆ ಬಿಸಿಗಿಂತ ಒಂದೇ ಒಂದು ಡಿಗ್ರಿ ಜಾಸ್ತಿ ಆಗಿ ಕೆಲವು ವಾರ ಹಾಗೇ ನಿಂತ್ರೆ ಹವಳ ಬಿಳಿಚಿಕೊಳ್ಳುತ್ತೆ. 2024ರಲ್ಲಿ ಲಕ್ಷದ್ವೀಪದಲ್ಲಿ ಎಷ್ಟು ಹವಳ ಬಿಳಿಚಿಕೊಂಡ್ವು ಅಂತ ಓದಿದಾಗ ಹೊಟ್ಟೆ ಉರೀತು. ಅದೇ ವರ್ಷ ಏಪ್ರಿಲ್‌ನಲ್ಲೇ ಪ್ರಪಂಚದ ನಾಲ್ಕನೇ ಸಾರ್ವತ್ರಿಕ ಬ್ಲೀಚಿಂಗ್ ಅಂತ ವಿಜ್ಞಾನಿಗಳು ಘೋಷಿಸಿದ್ರು. ಅಲ್ಲಿ ನಮ್ಮ ಕೈಲಿ ಫ್ಯಾನ್ ಇಲ್ಲ, ಇಲ್ಲಿ ಇದೆ, ಹಾಕಿಕೊಳ್ಳೋಣ.

ಮತ್ತೆ ಬಿಳಿಚಿದ ಹವಳ ಸತ್ತ ಹವಳ ಅಲ್ಲ. ಹತ್ತಿರದಿಂದ ನೋಡಿ, ಮೇಲೆ ತೆಳ್ಳಗೆ ಪಾರದರ್ಶಕ ಚರ್ಮ ಇದ್ದು ಬಾಯಿ ಕಾಣ್ತಿದ್ರೆ ಜೀವ ಇದೆ. ಲೈಟ್‌ನ ಅರ್ಧಕ್ಕೆ ಇಳಿಸಿ, ಅದನ್ನ ಜಾಗ ಬದಲಾಯಿಸ್ತಾ ಪೀಡಿಸಬೇಡಿ, ರಾತ್ರಿ ಹೊತ್ತು ಸಣ್ಣ ಸಣ್ಣ ಆಹಾರ ಕೊಡಿ, ಬಾಟ್ಲಿಗಟ್ಟಲೆ ಔಷಧ ಸುರಿಯೋಕೆ ಹೋಗ್ಬೇಡಿ. ಟಾರ್ಚ್ ಹ್ಯಾಮರ್ ಮೇಲೆ ಕಂದು ಲೋಳೆ ಕಂಡ್ರೆ ಮಾತ್ರ ಕಾಯಬೇಡಿ, ಹವಳದ ಆ ಕವಲನ್ನ ಬೇರೆ ಮಾಡಿ ಹೊರಗೆ ತೆಗೀರಿ, ಅದು ಪಕ್ಕದ್ದಕ್ಕೆ ಹಬ್ಬುತ್ತೆ.

ಜಯನಗರ_ಉಪ್ಪುನೀರು

ಮೇಡಂ ಹೇಳಿದ್ದು ಸರಿ. ಇನ್ನೊಂದು ವಿಷಯ ಇದೆ, ಇದನ್ನ ಯಾರೂ ಮಾತಾಡಲ್ಲ, ನಂಗೆ ಇದೇ ಮುಖ್ಯ. ಬೇಸಿಗೇಲಿ ಮೀನು ಸಾಯೋದು ಹೆಚ್ಚಾಗಿ ಬಿಸಿಗಲ್ಲ, ಉಸಿರಿಗೆ. 25 ಡಿಗ್ರಿ ಉಪ್ಪುನೀರಲ್ಲಿ ಸಮುದ್ರ ಮಟ್ಟದಲ್ಲಿ ಲೀಟರಿಗೆ 6.7 ಮಿಲಿಗ್ರಾಂ ಹತ್ರ ಆಮ್ಲಜನಕ ಕರಗುತ್ತೆ, 30ಕ್ಕೆ ಹೋದ್ರೆ 6.2ಕ್ಕೆ ಬರುತ್ತೆ. ನಾವಿರೋದು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲೆ, ಇಲ್ಲಿ ಗಾಳಿ ಒತ್ತಡನೇ ಸುಮಾರು ಹತ್ತು ಪರ್ಸೆಂಟ್ ಕಡಿಮೆ, ಹಾಗಾಗಿ ಅದರಲ್ಲೂ ಹತ್ತು ಪರ್ಸೆಂಟ್ ಕಳೀರಿ. ಸಮುದ್ರ ಮಟ್ಟದ ಚೆನ್ನೈನಲ್ಲಿ ಮೀನು ತಡ್ಕೊಂಡಿದ್ದನ್ನ ಇಲ್ಲೂ ತಡ್ಕೊಳ್ಳುತ್ತೆ ಅಂದ್ಕೊಳ್ಳೋಕಾಗಲ್ಲ. ಅದೇ ಹೊತ್ತಿಗೆ ನೀರು ಬಿಸಿ ಆದಷ್ಟೂ ಮೀನಿಗೂ ಬ್ಯಾಕ್ಟೀರಿಯಾಗೂ ಆಮ್ಲಜನಕ ಜಾಸ್ತಿ ಬೇಕು. ರಾತ್ರಿ ಲೈಟ್ ಆಫ್ ಆದ್ಮೇಲೆ ಪಾಚಿನೂ ಕೊಡೋದು ನಿಲ್ಲಿಸುತ್ತೆ, ಬೆಳಗಿನ ಜಾವ ನಾಲ್ಕೈದು ಗಂಟೆಗೆ ಅತಿ ಕಡಿಮೆ.

ಹಾಗಾಗಿ ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ 24 ಗಂಟೆ ಓಡ್ಲಿ, ಅಲೆ ಎಬ್ಬಿಸೋ ವೇವ್‌ಮೇಕರ್ ಒಂದನ್ನ ಮೇಲ್ಮೈ ಕಡೆ ತಿರುಗಿಸಿ ನೀರು ಜುಳುಜುಳು ಅಲ್ಲಾಡ್ತಿರ್ಲಿ. ಊಟ ಕಮ್ಮಿ ಹಾಕಿ. ನೈಟ್ರೇಟ್ ಇಳಿಸೋಕೆ ಬ್ಯಾಕ್ಟೀರಿಯಾಗೆ ಆಹಾರ ಅಂತ ವಿನೆಗರ್, ವೋಡ್ಕಾ ಡೋಸಿಂಗ್ ಮಾಡ್ತಿರೋರು ಬಿಸಿ ಜಾಸ್ತಿ ಇರೋ ವಾರ ನಿಲ್ಲಿಸೋದೇ ಒಳ್ಳೇದು, ಬ್ಯಾಕ್ಟೀರಿಯಾ ಒಂದೇ ಸಲ ಏರಿ ಇರೋ ಬರೋ ಆಮ್ಲಜನಕನೆಲ್ಲ ಕುಡಿದುಬಿಡುತ್ತೆ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಥರ್ಮಾಮೀಟರ್ ನೋಡ್ತಾ ನಿಲ್ಬೇಡಿ, ಮೊದ್ಲು ಏರ್ ಸ್ಟೋನ್ ಹಾಕಿ.

ಹುಬ್ಬಳ್ಳಿ_ನ್ಯಾನೋ

ನಮಸ್ಕಾರ್ರಿ. ನಾನು ಈಗ ಬೆಂಗ್ಳೂರಾಗ ಪಿಜಿಯಾಗ ಇದ್ದೇನ್ರಿ, 40 ಲೀಟರ್ ಸಣ್ಣ ಟ್ಯಾಂಕ್ ಐತಿ, ಝೋವಾ ಮತ್ತ ಮಶ್ರೂಮ್ ಹವಳ ಅಷ್ಟ. ಫ್ರಿಜ್‌ನಾಗಿನ ಐಸ್ ಹಾಕಿದ್ರ ನಡಿತೈತೇನ್ರಿ? ರೂಮಿನ್ಯಾಗ ಮಧ್ಯಾಹ್ನ ಭಾಳ ಕಾಯ್ತೈತಿ.

ಮಲ್ಲೇಶ್ವರಂ_ಝೋವಾ

ಐಸ್ ನೇರ ಹಾಕ್ಬೇಡಪ್ಪ, ಅದು ಸಿಹಿನೀರು, ಕರಗಿದಾಗ ಉಪ್ಪು ಇಳಿಯುತ್ತೆ, ನಲ್ಲಿ ನೀರಿಂದ ಮಾಡಿದ್ರೆ ಕ್ಲೋರಿನ್ ಬೇರೆ. ಬಾಟ್ಲೀಲಿ ನೀರು ತುಂಬಿ ಫ್ರೀಜ್ ಮಾಡಿ, ಮುಚ್ಚಳ ಗಟ್ಟಿ ಹಾಕಿ, ತೇಲಿಸಬಹುದು. ಒಂದು ಲೀಟರ್ ಐಸ್ ಬಾಟ್ಲಿ 200 ಲೀಟರ್ ಟ್ಯಾಂಕನ್ನ ಬರೀ ಅರ್ಧ ಡಿಗ್ರಿ ಇಳಿಸುತ್ತೆ, ನಿನ್ನ 40 ಲೀಟರಿಗೆ ಅದೇ ಬಾಟ್ಲಿ ಎರಡೂವರೆ ಡಿಗ್ರಿ ಇಳಿಸಿಬಿಡುತ್ತೆ, ಅಷ್ಟು ಬೇಗ ಇಳಿದ್ರೆ ಅದೂ ಕೆಟ್ಟದ್ದೇ. ಅರ್ಧ ಲೀಟರ್‌ಗಿಂತ ಚಿಕ್ಕ ಬಾಟ್ಲಿ ಹಾಕು, ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಯದ ಹಾಗೆ ನೋಡ್ಕೋ. ಆದ್ರೆ ದಿನಾ ಐಸ್ ಮೇಲೆ ಬದುಕೋಕಾಗಲ್ಲ, ನೀನು ಆಫೀಸಲ್ಲಿರೋ ಹೊತ್ತಲ್ಲೇ ಬಿಸಿ ಏರೋದು. ಸಣ್ಣ ಕ್ಲಿಪ್ ಫ್ಯಾನ್ ಒಂದು, ಟೆಂಪರೇಚರ್ ಕಂಟ್ರೋಲರ್ ಒಂದು, ಇಷ್ಟು ತಗೋ, ಐಸ್ ಬಾಟ್ಲಿ ಫ್ರೀಜರಲ್ಲಿ ತುರ್ತಿಗೆ ಇರ್ಲಿ.

ರಾಜಾಜಿನಗರ_ರೀಫ್

ಅಪ್‌ಡೇಟ್: ಫ್ಯಾನ್ ಹಾಕಿದೆ, ಮುಚ್ಚಳ ತೆಗ್ದೆ. ಸಂಜೆ 27.4 ದಾಟ್ತಿಲ್ಲ! ನಂಬಕ್ಕಾಗ್ತಿಲ್ಲ. ಆದ್ರೆ ನೀರು ದಿನಕ್ಕೆ ನಾಲ್ಕು ಲೀಟರ್ ಮಾಯ ಆಗ್ತಿದೆ, ಇದು ಸರೀನಾ? ಅಡುಗೆಮನೆ ವಾಟರ್ ಪ್ಯೂರಿಫೈಯರ್ ನೀರೇ ಹಾಕ್ತಿದೀನಿ ಸದ್ಯಕ್ಕೆ.

ವೈಟ್‌ಫೀಲ್ಡ್_ಮಿಕ್ಸೆಡ್‌ರೀಫ್

ನಾಲ್ಕು ಲೀಟರ್ ಹೋಗ್ತಿರೋದ್ರಿಂದಲೇ ಇಳೀತಿದೆ, ಅದು ಸರಿಯಾಗೇ ಇದೆ. ನೋಡಬೇಕಾದ್ದು ಉಪ್ಪು. ಆವಿ ಆಗೋದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತೆ, 200ರಲ್ಲಿ 4 ಲೀಟರ್ ಹೋದ್ರೆ ಸಾವಿರಕ್ಕೆ 35 ಇದ್ದ ಉಪ್ಪಿನ ಪ್ರಮಾಣ ಒಂದೇ ದಿನಕ್ಕೆ 35.7 ಆಗುತ್ತೆ, ಮೂರು ದಿನ ತುಂಬಿಸದೇ ಬಿಟ್ರೆ 37 ದಾಟುತ್ತೆ. ಊರಿಗೆ ಹೋದಾಗ ಟ್ಯಾಂಕ್ ಹಾಳಾಗೋದು ಹಿಂಗೇನೇ. ಫ್ಯಾನ್ ಹಾಕ್ತೀನಿ ಅನ್ನೋರು ಎಟಿಒ (ಆವಿ ಆದಷ್ಟು ನೀರನ್ನ ತಾನೇ ತುಂಬಿಸೋ ಸಾಧನ) ಕೂಡ ಹಾಕ್ಲೇಬೇಕು, ಎರಡೂ ಒಂದೇ ಜೋಡಿ. ತುಂಬಿಸೋದು ಸಿಹಿನೀರು ಮಾತ್ರ, ಉಪ್ಪು ಬೆರೆಸಿದ್ದಲ್ಲ.

ಅಡುಗೆಮನೆ ಪ್ಯೂರಿಫೈಯರ್ ನೀರು ಬೇಡ. ಅವುಗಳಲ್ಲಿ ತುಂಬಾ ಮಾಡೆಲ್‌ಗಳು ರುಚಿಗೆ ಅಂತ ಶುದ್ಧ ಮಾಡದ ನೀರನ್ನ ಸ್ವಲ್ಪ ವಾಪಸ್ ಬೆರೆಸುತ್ತೆ, ಇಲ್ಲಾಂದ್ರೆ ಮಿನರಲ್ ಹಾಕುತ್ತೆ. ದಿನಾ ನಾಲ್ಕು ಲೀಟರ್ ಅದನ್ನೇ ಹಾಕಿದ್ರೆ ನೀರು ಹೋಗುತ್ತೆ, ಅದರಲ್ಲಿದ್ದ ನೈಟ್ರೇಟು ಸಿಲಿಕೇಟು ಎಲ್ಲ ಟ್ಯಾಂಕಲ್ಲೇ ಸೇರ್ತಾ ಹೋಗುತ್ತೆ, ತಿಂಗಳಲ್ಲಿ ಗಾಜೆಲ್ಲ ಕಂದು ಪಾಚಿ. ಉಳಿದ ಲವಣಾನೂ ಹಿಡಿಯೋ ಡಿಐ ರೆಸಿನ್ ಇರೋ ಆರ್‌ಒ ಯೂನಿಟ್ಟೇ ಬೇಕು, ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನಮ್ಮ ಮನೆಗೆ ಕಾವೇರಿ ಬರಲ್ಲ, ಬೇಸಿಗೇಲಿ ಬೋರ್‌ವೆಲ್ ಟ್ಯಾಂಕರ್ ನೀರೇ ಗತಿ, ಒಂದೊಂದು ಟ್ಯಾಂಕರ್‌ಗೂ ಟಿಡಿಎಸ್ ಬೇರೆ ಬೇರೆ, ಡಿಐ ರೆಸಿನ್ ಬೇಗ ಮುಗಿದುಹೋಗುತ್ತೆ, ಹಾಗಾಗಿ ಪ್ರತಿ ಸಲ ಕ್ಯಾನ್ ತುಂಬಿಸುವಾಗ್ಲೂ ಅಳೀರಿ. 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ನೀರಿಲ್ಲದೆ ಒದ್ದಾಡಿದ್ದು ಮರ್ತಿಲ್ಲ ತಾನೆ, ಆರ್‌ಒ ವೇಸ್ಟ್ ನೀರನ್ನ ದಯವಿಟ್ಟು ಮೋರಿಗೆ ಬಿಡ್ಬೇಡಿ, ಬಕೆಟ್ ಇಡಿ, ನೆಲ ಒರೆಸೋಕೆ ಬಾತ್‌ರೂಮಿಗೆ ಆಗುತ್ತೆ. ಇಷ್ಟು ಕಷ್ಟದ ಊರಲ್ಲಿ ನಾವು ಈ ಹವ್ಯಾಸ ಇಟ್ಕೊಂಡಿದೀವಿ ಅಂದ್ಮೇಲೆ ಆ ಜವಾಬ್ದಾರಿ ನಮ್ಮದೇ.

ಜಯನಗರ_ಉಪ್ಪುನೀರು

ಎಟಿಒ ನೀರಲ್ಲಿ ಕಾಲ್ಕ್‌ವಾಸರ್ (ಹವಳಕ್ಕೆ ಕ್ಯಾಲ್ಸಿಯಂ ಕೊಡೋ ಸುಣ್ಣ) ಬೆರೆಸೋ ಅಭ್ಯಾಸ ಇದೆಯಾ ಸರ್? ಇದ್ರೆ ಕೂಡ್ಲೇ ಯೋಚನೆ ಮಾಡಿ. ಚಳಿಗಾಲದಲ್ಲಿ ದಿನಕ್ಕೆ ಒಂದು ಲೀಟರ್ ಹೋಗ್ತಿದ್ದಾಗ ಇಟ್ಟ ಲೆಕ್ಕ ಅದು, ಈಗ ನಾಲ್ಕು ಲೀಟರ್ ಅಂದ್ರೆ ಕಾಲ್ಕ್ ಕೂಡ ನಾಲ್ಕು ಪಟ್ಟು ಬೀಳ್ತಿದೆ. ಗಟ್ಟಿ ಕಾಲ್ಕ್ ನೀರಿನ ಪಿಎಚ್ಚೇ 12ರ ಮೇಲೆ, ಟ್ಯಾಂಕ್ ಪಿಎಚ್ ಹಾರುತ್ತೆ, ಆಲ್ಕಲಿನಿಟಿ (ಆಲ್ಕ್, ನೀರಿನ ಕ್ಷಾರದ ಪ್ರಮಾಣ) ಏರುತ್ತೆ, ಅಕ್ರೋಪೊರಾ ತುದಿ ಸುಟ್ಟುಹೋಗುತ್ತೆ. ಎಲ್ರೂ ಬಿಸಿಗೆ ಆಯ್ತು ಅಂದ್ಕೋತಾರೆ. ಬೇಸಿಗೆಗೆ ಎಟಿಒದಲ್ಲಿ ಬರೀ ನೀರು ಇರ್ಲಿ, ಆಲ್ಕ್ ಕ್ಯಾಲ್ಸಿಯಂ ಬೇರೆ ಡೋಸರ್‌ನಲ್ಲಿ ಕೊಡಿ.

ರಾಜಾಜಿನಗರ_ರೀಫ್

ಅಯ್ಯೋ ಕಾಲ್ಕ್ ಬೆರೆಸ್ತಿದ್ದೆ ಸರ್! ಆಲ್ಕ್ ಟೆಸ್ಟ್ ಮಾಡ್ದೆ ಈಗ, 10.8 ಬಂತು, ಯಾವಾಗ್ಲೂ 8.5 ಇರೋದು. ನಿಲ್ಲಿಸಿದೆ. ಇಳಿಸೋಕೆ ಏನಾದ್ರೂ ಹಾಕ್ಬೇಕಾ?

ಜಯನಗರ_ಉಪ್ಪುನೀರು

ಏನೂ ಹಾಕ್ಬೇಡಿ. ಹವಳಗಳೇ ತಿಂದು ಇಳಿಸ್ತವೆ, ಒಂದೆರಡು ವಾರ ಬಿಡಿ. ದಿನ ಬಿಟ್ಟು ದಿನ ಟೆಸ್ಟ್ ಮಾಡಿ, 8.5ಕ್ಕೆ ಬಂದ್ಮೇಲೆ ಡೋಸಿಂಗ್ ಶುರು ಮಾಡಿ.

ಮಲ್ಲೇಶ್ವರಂ_ಝೋವಾ

ಲೈಟ್ ಟೈಮಿಂಗ್ ಬದಲಾಯಿಸಿದ್ರಾ? ನೀರೊಳಗಿನ ಪಂಪು, ಲೈಟು ಎಲ್ಲ ಸೇರಿ 100 ವ್ಯಾಟ್ ಶಾಖ ನೀರಿಗೆ ಹೋಗ್ತಿದೆ ಅಂದ್ಕೊಳ್ಳಿ, ಅದೊಂದೇ 200 ಲೀಟರನ್ನ ಗಂಟೆಗೆ 0.4 ಡಿಗ್ರಿ ಏರಿಸುತ್ತೆ, ಹೊರಗೆ ಹೋಗೋ ದಾರಿ ಇಲ್ದಿದ್ರೆ. ಅದಕ್ಕೆ ನಮ್ಮ ಮನೇಲಿ ಬೇಸಿಗೇಲಿ ಲೈಟ್ ರಾತ್ರಿ ಏಳಕ್ಕೆ ಶುರು. ಮಧ್ಯಾಹ್ನದ ಬಿಸಿ ಮತ್ತೆ ಲೈಟಿನ ಬಿಸಿ ಒಟ್ಟಿಗೆ ಬೀಳಲ್ಲ.

ವೈಟ್‌ಫೀಲ್ಡ್_ಮಿಕ್ಸೆಡ್‌ರೀಫ್

ಇದನ್ನ ನಾನು ಒಪ್ಪಲ್ಲ ಮೇಡಂ. ಟಾಪ್ ಫ್ಲೋರ್ ಮನೆ ಅವ್ರದ್ದು, ತಾರಸಿ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೂ ಬಿಸಿ ಕಕ್ತಾನೇ ಇರುತ್ತೆ. ಅವ್ರಿಗೆ ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ ಲೈಟ್ ಇಟ್ಟರೆ ಒಳ್ಳೇದು, ಆ ಹೊತ್ತಲ್ಲಿ ನೀರು ತಣ್ಣಗಿರುತ್ತೆ.

ಮಲ್ಲೇಶ್ವರಂ_ಝೋವಾ

ಹೌದು ಅದು ನಿಜ, ನಮ್ದು ಗ್ರೌಂಡ್ ಫ್ಲೋರು, ಸುತ್ತ ಮರ. ಟಾಪ್ ಫ್ಲೋರಿಗೆ ಬೆಳಗಿನದೇ ಸರಿ. ಹೆಂಗಾದ್ರೂ ಒಂದೇ ದಿನಕ್ಕೆ ಬದಲಾಯಿಸ್ಬೇಡಿ, ದಿನಕ್ಕೆ ಅರ್ಧ ಗಂಟೆ ಸರಿಸ್ತಾ ಬನ್ನಿ. ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಪಶ್ಚಿಮದ ಕಿಟಕಿಗೆ ಲಾವಂಚದ ತಟ್ಟಿನೋ ದಪ್ಪ ಪರದೆನೋ ಹಾಕಿ, ಟ್ಯಾಂಕಿಗಷ್ಟೇ ಅಲ್ಲ ಮನೆಯವ್ರಿಗೂ ಒಳ್ಳೇದು. 2016ರಲ್ಲಿ ಏಪ್ರಿಲ್ 24ಕ್ಕೆ ಈ ಊರು 39.2 ಡಿಗ್ರಿ ನೋಡಿದೆ, ಅಂಥ ದಿನ ಮತ್ತೆ ಬರಲ್ಲ ಅಂತ ಇಲ್ಲ.

ಕುಡ್ಲ_ಕ್ಲೌನ್

ಹೀಟರ್ ತೆಗ್ದಿದ್ದೀರಾ? ನನಗೆ ಗೊತ್ತಿರುವ ಒಬ್ಬರ ಟ್ಯಾಂಕಲ್ಲಿ ಏಪ್ರಿಲ್‌ನಲ್ಲಿ ಹೀಟರ್ ಒಳಗಿನ ಥರ್ಮೋಸ್ಟಾಟ್ ಅಂಟಿಕೊಂಡು ಆಫೇ ಆಗ್ಲಿಲ್ಲ, ಬೆಳಗ್ಗೆ ನೋಡುವಾಗ ಎಲ್ಲ ಬೆಂದುಹೋಗಿತ್ತು. ಬೇಸಿಗೆಗೆ ಪ್ಲಗ್ ಕಿತ್ತು ಇಡಿ.

ಜಯನಗರ_ಉಪ್ಪುನೀರು

ನಿಮ್ಮ ಊರಿಗೆ ಅದು ಸರಿ. ಇಲ್ಲಿ ಆಲಿಕಲ್ಲು ಮಳೆ ಬಂದ ರಾತ್ರಿ ಹೊರಗೆ 20ಕ್ಕೆ ಇಳಿಯುತ್ತೆ, ಫ್ಯಾನ್ ಬೇರೆ ತಿರುಗ್ತಿದ್ರೆ ಬೆಳಗ್ಗೆ ಟ್ಯಾಂಕ್ 23. ಹೀಟರ್ ಇರ್ಲಿ, ಆದ್ರೆ ಅದರ ಸ್ವಂತ ಥರ್ಮೋಸ್ಟಾಟ್ ನಂಬದೆ ಹೊರಗಿನ ಕಂಟ್ರೋಲರ್ ಮೂಲಕ ಕೊಡಿ. ಇಂಕ್‌ಬರ್ಡ್ ಥರದ ಎರಡು ಸಾಕೆಟ್ ಕಂಟ್ರೋಲರ್ ಇದ್ರೆ ಒಂದರಲ್ಲಿ ಹೀಟರ್ 25ಕ್ಕೆ, ಇನ್ನೊಂದರಲ್ಲಿ ಫ್ಯಾನ್ 26.5ಕ್ಕೆ. ಮತ್ತೆ ಗಾಜಿಗೆ ಅಂಟಿಸೋ ಸ್ಟಿಕ್ಕರ್ ಥರ್ಮಾಮೀಟರ್ ಕಿತ್ತು ಎಸೀರಿ, ಎರಡು ಬೇರೆ ಬೇರೆ ಡಿಜಿಟಲ್ ಪ್ರೋಬ್ ಇಟ್ಟು ಒಂದಕ್ಕೊಂದು ತಾಳೆ ನೋಡಿ.

ಹುಬ್ಬಳ್ಳಿ_ನ್ಯಾನೋ

ಕರೆಂಟ್ ಹೋದ್ರ ಏನ್ ಮಾಡ್ತೀರಿ ಎಲ್ಲಾರೂ? ನಮ್ಮ ಪಿಜಿಯಾಗ ಯುಪಿಎಸ್ ಬರೇ ಲೈಟಿಗೆ ಐತ್ರಿ.

ವೈಟ್‌ಫೀಲ್ಡ್_ಮಿಕ್ಸೆಡ್‌ರೀಫ್

ಚಾರ್ಜ್ ಆಗೋ ಏರ್ ಪಂಪ್ ಒಂದು ತಗೊಳ್ಳಿ, ಕರೆಂಟ್ ಹೋದ ತಕ್ಷಣ ತಾನೇ ಆನ್ ಆಗೋದು ಸಿಗುತ್ತೆ, 40 ಲೀಟರಿಗೆ ಅದು ಸಾಕು. ಮನೇಲಿ ಇನ್ವರ್ಟರ್ ಇರೋರು ಅದಕ್ಕೆ ಚಿಲ್ಲರ್ ಕೊಡ್ಬೇಡಿ, ಕಂಪ್ರೆಸರ್ ಎದ್ದೇಳುವಾಗ ಎಳೆಯೋ ಕರೆಂಟಿಗೆ ಟ್ರಿಪ್ ಆಗಿ ಪಂಪೂ ನಿಂತುಹೋಗುತ್ತೆ. ವೇವ್‌ಮೇಕರ್, ಸಂಪ್‌ನಿಂದ ನೀರು ಮೇಲೆ ಕಳ್ಸೋ ರಿಟರ್ನ್ ಪಂಪ್, ಫ್ಯಾನ್ ಇಷ್ಟೇ ಕೊಡಿ, ಡಿಸಿ ಪಂಪ್ ಆದ್ರೆ ಎಲ್ಲ ಸೇರಿ 50 ವ್ಯಾಟ್ ಆಗಬಹುದು, 150 ಎಎಚ್ ಬ್ಯಾಟರಿ ಅರ್ಧ ಖಾಲಿ ಆಗೋ ಹೊತ್ತಿಗೆ ಬೆಳಗಾಗಿರುತ್ತೆ. ಸೈನ್ ವೇವ್ ಇನ್ವರ್ಟರ್ ಆಗಿರ್ಲಿ, ಸ್ಕ್ವೇರ್ ವೇವ್‌ನಲ್ಲಿ ಕೆಲವು ಎಸಿ ಪಂಪ್ ಗುಂಯ್ ಅಂತವೆ, ತಿರುಗಲ್ಲ.

ರಾಜಾಜಿನಗರ_ರೀಫ್

ಮಾಂಟಿಪೊರಾ ಅಂಚು ಹೋದ್ರೂ ಮಧ್ಯ ಉಳ್ಕೊಂಡಿದೆ, ಟಾರ್ಚ್ ಪೂರ್ತಿ ಬಿಚ್ಕೊಂಡಿದೆ! ತುಂಬಾ ಸಂತೋಷ ಆಯ್ತು. ಒಬ್ರು ಪರಿಚಯದವ್ರು ಸಮುದ್ರದಿಂದ ತಂದ ಹವಳದ ಕಲ್ಲು ಕಮ್ಮಿ ರೇಟಿಗೆ ಕೊಡ್ತೀನಿ ಅಂತಿದಾರೆ, ಖಾಲಿ ಜಾಗಕ್ಕೆ ತಗೊಳ್ಳಲಾ?

ಮಲ್ಲೇಶ್ವರಂ_ಝೋವಾ

ಖಂಡಿತ ಬೇಡ. ನಮ್ಮ ಸಮುದ್ರದ ಗಟ್ಟಿ ಹವಳ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟೀಲಿವೆ, ಕೀಳೋದು ಮಾರೋದು ಇಟ್ಕೊಳ್ಳೋದು ಎಲ್ಲಾ ಅಪರಾಧ. ಕಾನೂನು ಬದಿಗಿಡಿ, ಮುರುಡೇಶ್ವರದ ಹತ್ರ ನೇತ್ರಾಣಿ ಸುತ್ತ ಹವಳ ಇದೆ, ಲಕ್ಷದ್ವೀಪ ಈಗಾಗ್ಲೇ ನರಳ್ತಿದೆ, ಅಲ್ಲಿಂದ ಒಂದು ಚೂರನ್ನೂ ತರಬಾರದು. ಸೆರಾಮಿಕ್ ರಾಕ್ ಹಾಕಿ. ಹವಳ ಬೇಕು ಅಂದ್ರೆ ಸರಿಯಾದ ಆಮದು ಕಾಗದ ಪತ್ರ ಇರೋರ ಹತ್ರ ಮಾತ್ರ ತಗೊಳ್ಳಿ, ಅದೂ ಈಗಲ್ಲ, ಜೂನ್ ಆದ್ಮೇಲೆ.

ಜಯನಗರ_ಉಪ್ಪುನೀರು

ಇನ್ನೊಂದು ಮಾತು, ಹೇಳೋದು ಮರ್ತಿದ್ದೆ. ಫ್ಯಾನ್ ಗಾಳಿಗೆ ಉಪ್ಪಿನ ಹನಿ ಹಾರಿ ಸ್ವಿಚ್‌ಬೋರ್ಡ್ ಮೇಲೆ ಕೂರುತ್ತೆ. ಪ್ಲಗ್ ಪಾಯಿಂಟ್ ಟ್ಯಾಂಕ್‌ಗಿಂತ ದೂರ ಇರ್ಲಿ, ವೈರ್ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗೋ ಹಾಗೆ ಬಿಡಿ, ಹನಿ ಅಲ್ಲೇ ಕೆಳಗೆ ಬೀಳುತ್ತೆ. ಆ ಲೈನಿಗೆ, ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡ್ಸಿ. ಫ್ಯಾನ್ ರೆಕ್ಕೆ ವಾರಕ್ಕೊಮ್ಮೆ ಒದ್ದೆ ಬಟ್ಟೇಲಿ ಒರೆಸಿ, ಪ್ಲಗ್ ಕಿತ್ತಿಟ್ಟು.

ರಾಜಾಜಿನಗರ_ರೀಫ್

ಆರ್‌ಸಿಸಿಬಿ ಇಲ್ಲ ಸರ್, ಈಗಷ್ಟೇ ನೋಡಿದೆ. ಶನಿವಾರ ಎಲೆಕ್ಟ್ರಿಷಿಯನ್ ಬರ್ತಾರೆ, ಹಾಕಿಸ್ತೀನಿ. ಎಟಿಒಗೆ 25 ಲೀಟರ್ ಕ್ಯಾನ್ ಸಾಕಾಗುತ್ತಾ?

ಜಯನಗರ_ಉಪ್ಪುನೀರು

ದಿನಕ್ಕೆ ನಾಲ್ಕು ಲೀಟರ್ ಅಂದ್ರೆ ಆರು ದಿನ ಬರುತ್ತೆ, ಸಾಕು. ಅದಕ್ಕಿಂತ ದೊಡ್ಡದು ಇಡ್ಬೇಡಿ, ಸೆನ್ಸರ್ ಸಿಕ್ಕಾಕ್ಕೊಂಡು ಪೂರ್ತಿ ಕ್ಯಾನ್ ಒಂದೇ ಸಲ ಸುರಿದ್ರೆ 200 ಲೀಟರಿಗೆ 25 ಲೀಟರ್ ಸಿಹಿನೀರೇ ಜಾಸ್ತಿ. ಆಪ್ಟಿಕಲ್ ಸೆನ್ಸರ್ ಜೊತೆ ಫ್ಲೋಟ್ ಸ್ವಿಚ್ಚೂ ಇರೋದನ್ನ ತಗೊಳ್ಳಿ.